ಟಿಕೆಟ್ ಕೊಂಡವರು ಗೇಟಿನ ಹೊರಗೆ ಯಾಕೆ ಒಣಗಬೇಕು?

ಸ್ಟ್ಯಾಂಡ್ ಖಾಲಿ ಕಂಡರೆ ಸಾಕು, 'ಜನಕ್ಕೆ ಟಿವಿ ರುಚಿ ಹತ್ತಿಬಿಟ್ಟಿದೆ' ಎಂದು ಸಂಘಟಕರು ಕೈ ತೊಳೆದುಕೊಳ್ಳುತ್ತಾರೆ. ಶುದ್ಧ ಸುಳ್ಳು! ಸಾವಿರಾರು ಗಂಟಲು ಒಟ್ಟಿಗೆ ಕೂಗಿದಾಗ ಮೈ ಜುಮ್ಮೆನ್ನುವುದನ್ನು ಯಾವ ಟಿವಿಯೂ ಕೊಡುವುದಿಲ್ಲ. ಅಭಿಮಾನಿಗೆ ಅದು ಬೇಕು. ಅವನನ್ನು ವಾಪಸ್ ಕಳಿಸುತ್ತಿರುವುದು ನಿಮ್ಮ ಗೇಟು.

ಲೆಕ್ಕ ಹಾಕಿ ನೋಡಿ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಪ್ರಕಾರ ಒಬ್ಬೊಬ್ಬರನ್ನೇ ಒಳಬಿಡುವ ಒಂದು ತಿರುಗುಗೇಟಿನಲ್ಲಿ ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಲೆಕ್ಕ ಹಿಡಿಯಬೇಕು. 40,000 ಜನ ಕೊನೆಯ ಒಂದು ಗಂಟೆಯಲ್ಲಿ ಬಂದರೆ 61 ಗೇಟು ಬೇಕು. 20 ಮಾತ್ರ ತೆರೆದರೆ ಮೂರು ಗಂಟೆ! ಅದೂ ಎಲ್ಲ ಸರಾಗವಾಗಿ ನಡೆದರೆ. ಗೇಟಿನ ಬಾಯಲ್ಲೇ ಬ್ಯಾಗ್ ತಪಾಸಣೆ ಇಟ್ಟರೆ ಹಿಂದಿನ ಸಾಲು ಪೂರ್ತಿ ನಿಂತುಬಿಡುತ್ತದೆ. ಸಾವಿರಾರು ಫೋನ್ ಒಂದೇ ಕಡೆ ಸೇರಿ ನೆಟ್‌ವರ್ಕ್ ಕಟ್ಟಿಕೊಂಡಾಗ ಆ್ಯಪ್‌ನ ಟಿಕೆಟ್ ತೆರೆಯುವುದೇ ಇಲ್ಲ. ತಪಾಸಣೆಯನ್ನು ಗೇಟಿನಿಂದ ಹಿಂದಕ್ಕೆ ಸರಿಸಿ, ನೆಟ್ ಇಲ್ಲದೆಯೂ ತೆರೆಯುವ ಟಿಕೆಟ್ ಕೊಡಿ. ಇಷ್ಟೂ ಆಗುವುದಿಲ್ಲವೇ?

ಇದು ಬರೀ ಕಿರಿಕಿರಿಯ ಮಾತಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ ಒಂದು ತುದಿಯ ನಿಲ್ಲುವ ಜಾಗದ 10,100 ಟಿಕೆಟ್‌ಗಳಿಗೆ ಇದ್ದದ್ದು 7 ತಿರುಗುಗೇಟು. ಹೊರಗೆ ಒತ್ತಡ ಮಿತಿಮೀರಿದಾಗ ದೊಡ್ಡ ಗೇಟು ತೆರೆದರು, ಒಳಗೆ ಆಗಲೇ ತುಂಬಿದ್ದ ಜಾಗಕ್ಕೆ ಜನ ನುಗ್ಗಿದರು. ಸತ್ತವರು 97. ಇಷ್ಟಾದ ಮೇಲೂ ಗೇಟಿನ ಲೆಕ್ಕ ಕಲಿಯದವರಿಗೆ ಏನನ್ನಬೇಕು?

ಒಳಗೆ ಹೋದರೂ ನೆಮ್ಮದಿಯಿಲ್ಲ. ನಮ್ಮ ನೋಟ ಮುಂದಿನವರ ಕಣ್ಣಿಗಿಂತ 120 ಮಿ.ಮೀ. ಮೇಲೆ ಹಾದರೆ ಮೈದಾನ ಆರಾಮಾಗಿ ಕಾಣುತ್ತದೆ. 60ಕ್ಕೆ ಇಳಿದರೆ ತಲೆಗಳ ಸಂದಿಯಲ್ಲಿ ಇಣುಕಬೇಕು. ಕಂಬದ ಹಿಂದಿನ ಸೀಟನ್ನೂ ಪೂರ್ತಿ ದರಕ್ಕೆ ಮಾರುತ್ತೀರಿ, ನೋಟಕ್ಕೆ ಅಡ್ಡಿಯಿದೆ ಎಂದು ಟಿಕೆಟ್ಟಿನ ಮೇಲೆ ಒಂದು ಸಾಲು ಹಾಕುವುದಿಲ್ಲ. ಇದು ಮೋಸ ಅಲ್ಲದೆ ಇನ್ನೇನು?

ಎಲ್ಲಕ್ಕಿಂತ ಉರಿ ಹತ್ತಿಸುವುದು ರಿವ್ಯೂ, ಅಂದರೆ ವಿಡಿಯೊ ನೋಡಿ ತೀರ್ಪು ಮರುಪರಿಶೀಲಿಸುವುದು. ಕ್ರಿಕೆಟ್‌ನಲ್ಲಿ ಮೂರನೇ ಅಂಪೈರ್ ಆಡುವ ಮಾತು ಟಿವಿ ಮುಂದೆ ಕೂತವನಿಗೆ ಕೇಳುತ್ತದೆ, ಸೀಟಿನಲ್ಲಿ ಕೂತವನು ಪಕ್ಕದವನ ಮುಖ ನೋಡುತ್ತಾನೆ. ಫುಟ್‌ಬಾಲ್‌ನಲ್ಲಿ ಗೋಲು ಹೊಡೆದ ಖುಷಿಯಲ್ಲಿ ಕುಣಿದವನು ನಿಮಿಷಗಟ್ಟಲೆ ಕಾದ ಮೇಲೆ ಗೋಲು ರದ್ದು. ಯಾಕೆ? ಆಫ್‌ಸೈಡೋ, ಹ್ಯಾಂಡ್‌ಬಾಲೋ? ಎಷ್ಟೋ ಕಡೆ ಹೇಳುವವರೇ ಇಲ್ಲ. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ಮೈಕ್‌ನಲ್ಲಿ ಇಡೀ ಸ್ಟೇಡಿಯಂಗೆ ಕೇಳುವಂತೆ ತೀರ್ಪು ಹೇಳಿದರಲ್ಲ! ಜಾಹೀರಾತು ಕಿರುಚಲು ಸ್ಪೀಕರ್ ಇದೆ, ಜಾಹೀರಾತು ತೋರಿಸಲು ದೊಡ್ಡ ಪರದೆಯೂ ಇದೆ. ಅದರಲ್ಲೇ ತೀರ್ಪಿನ ಕಾರಣವನ್ನೂ ಹಾಕಿ.