ರಾಜರ ಕಾರು ಉಳಿಯಿತು, ಡಾಕ್ಟರ ಕಾರು ಗುಜರಿಗೆ ಹೋಯಿತು

ಕಳೆದ ಭಾನುವಾರ ಬೆಳಿಗ್ಗೆ ಹಾಲು ತರಲು ಹೋದವನು ಮನೆಗೆ ಮರಳಿದ್ದು ಒಂದು ಗಂಟೆ ತಡವಾಗಿ. ಮೈಸೂರಿನ ಸರಸ್ವತಿಪುರಂನ ಅಡ್ಡರಸ್ತೆಯೊಂದರಲ್ಲಿ, ಹೊಂಗೆ ಮರದ ಕೆಳಗೆ ಒಂದು ತಿಳಿನೀಲಿ ಫಿಯಟ್ ನಿಂತಿತ್ತು. ಪದ್ಮಿನಿ ಅಲ್ಲ, ಅದಕ್ಕೂ ಹಿಂದಿನ 1100 ಡಿಲೈಟ್ ಮಾದರಿ. ನಂಬರ್ ಪ್ಲೇಟು ಎಂವೈ ಎಂದು ಶುರುವಾಗುತ್ತಿತ್ತು. ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ: ಎಂವೈ ಎಂದರೆ ಮೈಸೂರು. ನಮ್ಮ ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕ ಎಂದು ಹೆಸರಾದ ಮೇಲೂ ಆ ಹಳೆಯ ಹೆಸರು ಗಾಡಿಗಳ ಮೇಲೆ ಓಡಾಡುತ್ತಲೇ ಇತ್ತು. ಕೆಎ ಬಂದದ್ದು ಆಮೇಲೆ.

ಬಾನೆಟ್ ಮೇಲೆ ಹೊಂಗೆ ಹೂ ಉದುರಿತ್ತು. ನಾನು ಸುತ್ತು ಹಾಕಿ ನೋಡುತ್ತಿದ್ದುದನ್ನು ಕಂಡು ಗೇಟಿನೊಳಗಿಂದ ಒಬ್ಬ ಹುಡುಗ ಬಂದ. ಇಪ್ಪತ್ತೈದು, ಇಪ್ಪತ್ತಾರು ವಯಸ್ಸಿರಬಹುದು. "ತಾತನ ಕಾರು ಸರ್. ಒಳಗೆ ಕೂತು ನೋಡುತ್ತೀರಾ?" ಎಂದ. ಕೂತೆ. ರೆಕ್ಸಿನ್ ಸೀಟಿನ ವಾಸನೆ, ಪೆಟ್ರೋಲಿನ ವಾಸನೆ, ಎಲ್ಲೋ ಒಂದಿಷ್ಟು ಊದುಬತ್ತಿಯ ವಾಸನೆ. ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಹಿಡಿದಾಗ ಕೈಗೆ ಎಲ್ಲ ನೆನಪಿತ್ತು. ನನಗೆ ಮಾತು ಹೊರಡಲಿಲ್ಲ.

ನಮ್ಮ ದೊಡ್ಡಪ್ಪ ಕಡೂರಿನಲ್ಲಿ ಡಾಕ್ಟರಾಗಿದ್ದರು. ಅವರದ್ದೂ ಇಂಥದ್ದೇ ಡಿಲೈಟ್. ಊರಿನವರು ಅದನ್ನು ಫಿಯಟ್ ಎನ್ನುತ್ತಿರಲಿಲ್ಲ, ಡಾಕ್ಟರ ಕಾರು ಎನ್ನುತ್ತಿದ್ದರು. ರಾತ್ರಿ ಎರಡು ಗಂಟೆಗೆ ಯಾರಾದರೂ ಲಾಟೀನು ಹಿಡಿದು ಬಂದು ಬಾಗಿಲು ಬಡಿದರೆ, ಹೆರಿಗೆ ನೋವು ಎಂದರೆ, ದೊಡ್ಡಪ್ಪ ಚೋಕ್ ಎಳೆದು ಗಾಡಿ ಶುರು ಮಾಡುವ ಸದ್ದಿಗೆ ಬೀದಿಗೆಲ್ಲ ಎಚ್ಚರವಾಗುತ್ತಿತ್ತು. ಆ ಹಿಂದಿನ ಸೀಟಿನಲ್ಲಿ ಎಷ್ಟು ಜನ ಬಸುರಿಯರು ಚಿಕ್ಕಮಗಳೂರಿನ ಆಸ್ಪತ್ರೆಗೆ ಹೋದರೋ ಲೆಕ್ಕ ಇಟ್ಟವರಿಲ್ಲ. ಒಂದು ಮಗು ದಾರಿಯಲ್ಲೇ ಹುಟ್ಟಿತು ಎಂದು ದೊಡ್ಡಮ್ಮ ಹೇಳುತ್ತಿದ್ದರು.

ಬೇಸಿಗೆ ರಜೆಯಲ್ಲಿ ಅದೇ ಕಾರಿನಲ್ಲಿ ನಾವು ಏಳು ಜನ ಧರ್ಮಸ್ಥಳಕ್ಕೆ ಹೋಗುತ್ತಿದ್ದೆವು. ಹೋಗುವಾಗ ಇಳಿಜಾರು, ಚಿಂತೆ ಇಲ್ಲ. ಬರುವಾಗ ಚಾರ್ಮಾಡಿ ಹತ್ತಬೇಕು. ಅರ್ಧ ಘಾಟಿಯಲ್ಲಿ ಎಂಜಿನ್ ಮುಗ್ಗರಿಸಿ ನಿಲ್ಲುತ್ತಿತ್ತು. ಬಿಸಿಗೆ ಪೆಟ್ರೋಲು ಎಂಜಿನ್ ಬಳಿಯ ಪುಟ್ಟ ಪಂಪಿನಲ್ಲೇ ಆವಿಯಾಗಿ, ಅದನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರ್‌ಗೆ ಹೋಗುತ್ತಿರಲಿಲ್ಲ. ದೊಡ್ಡಪ್ಪ ಗಾಬರಿಯಾದದ್ದನ್ನು ನಾನು ನೋಡಿಲ್ಲ. ಬಾನೆಟ್ ಎತ್ತಿ, ಪಕ್ಕದ ಝರಿಯಲ್ಲಿ ಬೈರಾಸು ಅದ್ದಿ ತರಲು ನನ್ನನ್ನು ಕಳಿಸುತ್ತಿದ್ದರು. ಆ ಒದ್ದೆ ಬಟ್ಟೆಯನ್ನು ಆ ಪಂಪಿನ ಮೇಲೆ, ಮಗುವಿನ ಹಣೆಗೆ ತಣ್ಣೀರು ಪಟ್ಟಿ ಹಾಕುವ ಹಾಗೆಯೇ ಸುತ್ತುತ್ತಿದ್ದರು. ಹತ್ತು ನಿಮಿಷ ಕಾದು ಸೆಲ್ಫ್ ಹೊಡೆದರೆ ಗಾಡಿ ತಯಾರು. ಕೊಟ್ಟಿಗೆಹಾರ ತಲುಪಿ ನೀರುದೋಸೆ ತಿನ್ನುವಷ್ಟರಲ್ಲಿ ನಮಗೆ ಅದೆಲ್ಲ ಮರೆತೇಹೋಗಿರುತ್ತಿತ್ತು.

ಆ ಕಾರನ್ನು 1996ರಲ್ಲಿ ತೂಕಕ್ಕೆ ಹಾಕಿದರು. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಕೊಟ್ಟಿಗೆಯಲ್ಲಿ ಜಾಗ ಬೇಕಿತ್ತು. ಗುಜರಿಯವನು ಮೊದಲು ಬಾಗಿಲುಗಳನ್ನು ಬಿಚ್ಚಿಕೊಂಡ. ನಾನು ಅಲ್ಲೇ ಇದ್ದೆ, ಬೇಡ ಎನ್ನಲಿಲ್ಲ. ಆ ಮೌನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ಹಲವು ಸಲ ನೋಡಿದ್ದೇನೆ. ಶ್ರೀರಂಗಪಟ್ಟಣದ ಬಳಿ ತೆರೆದಿರುವ 'ಪಯಣ'ಕ್ಕೂ ಹೋಗಿ ಬಂದಿದ್ದೇನೆ. ವೀರೇಂದ್ರ ಹೆಗ್ಗಡೆಯವರು ಈ ಕೆಲಸ ಕೈಗೆತ್ತಿಕೊಳ್ಳದೆ ಇದ್ದಿದ್ದರೆ ಎಷ್ಟೋ ಗಾಡಿಗಳನ್ನು ನಾವು ಚಿತ್ರದಲ್ಲಷ್ಟೇ ನೋಡಬೇಕಿತ್ತು. ಆದರೆ ಇಡೀ ರಾಜ್ಯದ ಹೊರೆಯನ್ನು ಎರಡು ಸಂಗ್ರಹಾಲಯಗಳು ಹೊರಲಾರವು. ಅರಮನೆಯಿಂದ ಬಂದ ಕಾರಿಗೆ ಹೇಗೋ ಒಂದು ನೆರಳು ಸಿಗುತ್ತದೆ. ಡಾಕ್ಟರು, ವಕೀಲರು, ಅಡಿಕೆ ಮಂಡಿಯವರು ಓಡಿಸಿದ ಕಾರಿಗೆ ಯಾರೂ ದಿಕ್ಕಿಲ್ಲ. ಮಧ್ಯಮ ವರ್ಗದ ಐವತ್ತು ವರ್ಷಗಳ ಬದುಕು ಇರುವುದು ಇವುಗಳಲ್ಲೇ.

ಅಂಬಾಸಿಡರ್ ವಿಷಯವನ್ನೇ ನೋಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಹುಟ್ಟಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರ ಮೇ ತಿಂಗಳವರೆಗೂ ತಯಾರಾದ ಗಾಡಿ. 2017ರಲ್ಲಿ ಅದರ ಬ್ರ್ಯಾಂಡನ್ನು ಫ್ರಾನ್ಸಿನ ಪ್ಯೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಹೆಸರಿಗೆ 80 ಕೋಟಿ, ಗಾಡಿಗೆ ಕಿಲೋ ಲೆಕ್ಕದ ದರ! ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡ್ ನೆನಪಿದೆಯೇ? ಬಾನೆಟ್ ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಬಾಗುತ್ತಿತ್ತು. ಅದರ ನಾಲ್ಕು ಬಾಗಿಲಿನ ರೂಪ ತಯಾರಾದದ್ದು ಭಾರತದಲ್ಲಿ ಮಾತ್ರ, ಆ ಕಾರಿನ ಮೂಲವಾದ ಇಂಗ್ಲೆಂಡಿನಲ್ಲೂ ಇರಲಿಲ್ಲ. ನಾನು ಕೊನೆಯ ಸಲ ಹೆರಾಲ್ಡ್ ರಸ್ತೆಯಲ್ಲಿ ಓಡುವುದನ್ನು ನೋಡಿ ಹನ್ನೊಂದು ವರ್ಷವಾಯಿತು.

ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಡಾಲ್ಫಿನ್ ವಿಷಯದಲ್ಲಿ. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ತಂದ ಕಾರು ಅದು. ಮಾರುತಿ 800ರ ಮೊದಲ ಕೀಲಿಕೈಯನ್ನು ಇಂದಿರಾ ಗಾಂಧಿ ಹಸ್ತಾಂತರಿಸಿದ್ದು 1983ರ ಡಿಸೆಂಬರ್‌ನಲ್ಲಿ. ಅಂದರೆ ದೇಶಕ್ಕೆ ಚಿಕ್ಕ ಕಾರಿನ ಆಸೆ ಹತ್ತುವ ಮೊದಲೇ ನಮ್ಮ ರಾಜ್ಯದಲ್ಲಿ ಒಂದು ಚಿಕ್ಕ ಕಾರು ತಯಾರಾಗುತ್ತಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ. ಅದಕ್ಕೂ ಮೊದಲು ಇದೇ ಮನೆತನದಿಂದ ಬಾದಲ್ ಎಂಬ ಮೂರು ಚಕ್ರದ ಕಾರು ಬಂದಿತ್ತು. ಮಾರುತಿಯ ಮುಂದೆ ಡಾಲ್ಫಿನ್ ನಿಲ್ಲಲಾಗಲಿಲ್ಲ, ಸರಿ. ಆದರೆ ತುಕ್ಕು ಹಿಡಿಯದ ಮೈಯುಳ್ಳ ಆ ಕಾರು ಇವತ್ತು ಕಣ್ಣಿಗೇ ಬೀಳುವುದಿಲ್ಲವಲ್ಲ! ತುಕ್ಕು ಮಾಡದ ಕೆಲಸವನ್ನು ನಮ್ಮ ಅಸಡ್ಡೆ ಮಾಡಿತು.

ಈಗ ಕಾನೂನಿನ ಮಾತು. ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ಗುರುತಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ನಂಬರಿನಲ್ಲಿ ವಿಎ ಎಂಬ ಅಕ್ಷರ, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಒಳ್ಳೆಯದೇ. ಆದರೆ ಖಾಸಗಿ ಕಾರಿಗೆ ಹದಿನೈದು ವರ್ಷವಾದ ಕೂಡಲೇ ನೋಂದಣಿ ನವೀಕರಣದ ಓಡಾಟ ಶುರುವಾಗುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಿದರು. ಹದಿನೈದಕ್ಕೂ ಐವತ್ತಕ್ಕೂ ನಡುವೆ ಮೂವತ್ತೈದು ವರ್ಷಗಳ ಕಂದಕವಿದೆ. ಹಳೆಯ ಕಾರುಗಳು ಸಾಯುವುದು ಅಲ್ಲಿಯೇ. ಮೊಟ್ಟಮೊದಲ ಡಾಲ್ಫಿನ್‌ಗೂ ವಿಂಟೇಜ್ ಪಟ್ಟ 2032ಕ್ಕೆ ಮೊದಲು ಸಿಗುವುದಿಲ್ಲ. ಅಲ್ಲಿಯವರೆಗೆ ಎಷ್ಟು ಉಳಿದಿರುತ್ತವೆ?

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಮೂವತ್ತು ವರ್ಷ ದಾಟಿ, ಮೂಲ ಸ್ವರೂಪದಲ್ಲಿ ಕಾಪಾಡಿಕೊಂಡ ಗಾಡಿಯನ್ನು ಐತಿಹಾಸಿಕ ಎಂದು ಒಪ್ಪುತ್ತದೆ. ನಮ್ಮಲ್ಲೂ ಮೂವತ್ತು ಸಾಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹೊಗೆ ಉಗುಳುವ, ಬ್ರೇಕ್ ಹಿಡಿಯದ ಗಾಡಿಗಳನ್ನು ದಿನವೂ ರಸ್ತೆಗಿಳಿಸಿ ಎಂದು ನಾನು ಹೇಳುತ್ತಿಲ್ಲ. ತಪಾಸಣೆ ಕಟ್ಟುನಿಟ್ಟಾಗಿಯೇ ಇರಲಿ, ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿಯನ್ನೂ ಹಾಕಲಿ. ಆದರೆ ಒಪ್ಪವಾಗಿ ಇಟ್ಟುಕೊಂಡವರಿಗೆ ದಂಡದಂತಹ ಶುಲ್ಕ ಬೇಡ.

ಸರಸ್ವತಿಪುರಂನ ಹುಡುಗನ ಕಷ್ಟ ಇನ್ನೂ ಬೇರೆ. ಅವನ ಡಿಲೈಟ್‌ಗೆ ಐವತ್ತು ದಾಟಿದೆ, ವಿಎ ನಂಬರ್ ಪಡೆಯಬಹುದು. "ಪಡೆದರೆ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಮಾತ್ರ ಹೊರಗೆ ತೆಗೆಯಬೇಕು ಸರ್. ಅಜ್ಜಿಗೆ ಶುಕ್ರವಾರ ಈ ಕಾರಿನಲ್ಲೇ ಚಾಮುಂಡಿ ಬೆಟ್ಟಕ್ಕೆ ಹೋಗಬೇಕು" ಎಂದ. ಅದಕ್ಕಾಗಿ ಹಳೆಯ ನೋಂದಣಿಯನ್ನೇ ಉಳಿಸಿಕೊಂಡು ದುಬಾರಿ ಶುಲ್ಕ ಕಟ್ಟುತ್ತಿದ್ದಾನೆ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪುಗಳು ತಡೆಯುವುದಿಲ್ಲವೆಂದು ಎಲ್ಲವನ್ನೂ ಬದಲಿಸಿದ್ದಾನೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿಯನ್ನೂ ಜಾಲಾಡಿದ್ದಾನೆ. ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟನ್ನು ಸರಿಹೊಂದಿಸಲು ಬರುವ ಮೆಕ್ಯಾನಿಕ್ಕಿಗೆ ಎಪ್ಪತ್ತೆರಡು ವರ್ಷ. ಅವರ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ, ಪ್ರತಿ ಸಲವೂ ಅವರ ಪಕ್ಕದಲ್ಲಿ ನಿಂತು ತಾನೇ ಕಲಿಯುತ್ತಿದ್ದಾನೆ. ನನಗೆ ಅವನ ಕೈ ಕುಲುಕದೆ ಬರಲಾಗಲಿಲ್ಲ.

ಮನೆಯ ಹಿಂದೆ ಟಾರ್ಪಾಲು ಹೊದ್ದು ಮಲಗಿರುವ ಗಾಡಿ ನಿಮ್ಮಲ್ಲಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಂದು ತಿಂಗಳು ತಡೆಯಿರಿ. ಆರ್‌ಸಿ ಪುಸ್ತಕ, ಹಳೆಯ ಬಿಲ್ಲುಗಳು, ಮದುವೆಯ ದಿನ ಅದಕ್ಕೆ ಹೂ ಕಟ್ಟಿ ತೆಗೆಸಿದ ಫೋಟೋ ಎಲ್ಲವನ್ನೂ ಒಂದು ಕಡೆ ಸೇರಿಸಿ. ಸಾಕುವವರು ಸಿಗುತ್ತಾರೆ. ಇನ್ನು, ತುಮಕೂರು, ಹಾಸನ, ಶಿವಮೊಗ್ಗ, ಎಲ್ಲಿಯಾದರೂ ಸರಿ, ಓಡದಿದ್ದರೂ ಸರಿ, ಒಂದು ಡಾಲ್ಫಿನ್ ಇದೆ ಎಂದು ಗೊತ್ತಿದ್ದವರು ದಯವಿಟ್ಟು ಇಲ್ಲಿ ಬರೆಯಿರಿ. ಮುಂದಿನ ಭಾನುವಾರವೇ ಹೊರಟು ಬರುತ್ತೇನೆ. ಆ ಹುಡುಗನೂ ಜೊತೆಗೆ ಬರುತ್ತೇನೆ ಎಂದಿದ್ದಾನೆ, ಅವನ ಫಿಯಟ್‌ನಲ್ಲೇ.