ಅಮ್ಮನ ಹತ್ತು ಗಂಟೆ ಸುತ್ತು

ಇವತ್ತು ಬೆಳಿಗ್ಗೆ ಆರೂಕಾಲಿಗೆ ಎದುರುಮನೆ ಆಂಟಿ ಬೀದಿಗೆಲ್ಲ ಕೇಳೋ ಹಾಗೆ ಕೂಗಿದರು. "ರೀ, ನಿಮ್ಮ ಟ್ಯಾಂಕ್ ತುಂಬಿ ಸುರೀತಾ ಇದೆ!"

ಈ ಮಾತು ಹೇಳೋಕೆ ಅಂತಲೇ ನಾನು ಮೂರು ಭಾನುವಾರ ಹಾಳು ಮಾಡಿಕೊಂಡಿದ್ದೇನೆ. ಟ್ಯಾಂಕಿನ ಮುಚ್ಚಳದ ಒಳಗೆ ಒಂದು ಸೆನ್ಸರ್ ಇದೆ. ನಮಗೆ ಕೇಳಿಸದ ಸದ್ದು ಬಿಟ್ಟು, ನೀರಿಗೆ ಬಡಿದು ವಾಪಸು ಬರೋಕೆ ಎಷ್ಟು ಹೊತ್ತಾಯಿತು ಅಂತ ಅಳೆಯುತ್ತೆ. ಅದರಿಂದ ನೀರು ಎಲ್ಲಿದೆ ಅನ್ನೋ ಲೆಕ್ಕ ಸಿಗುತ್ತೆ. ಲೆಕ್ಕ ಮಾಡೋದು ಟಿವಿ ಹಿಂದೆ ಕೂತಿರುವ ರಾಸ್ಪ್‌ಬೆರಿ ಪೈ. ಎಟಿಎಂ ಕಾರ್ಡಿನಷ್ಟಗಲದ ಕಂಪ್ಯೂಟರ್. 2012ರಲ್ಲಿ ಇಂಗ್ಲೆಂಡಿನವರು ಮಕ್ಕಳು ಕಲಿಯಲಿ ಅಂತ ಹೊರತಂದದ್ದು. ಈಗ ನನ್ನಂಥ ನಲವತ್ತು ದಾಟಿದ ಮಕ್ಕಳೇ ಜಾಸ್ತಿ ಆಡುತ್ತಿದ್ದೇವೆ. ಟ್ಯಾಂಕ್ ತುಂಬಿದ ತಕ್ಷಣ ನನ್ನ ಫೋನ್ ಕಿರುಚಬೇಕು.

ಕಿರುಚಲಿಲ್ಲ. ರಾತ್ರಿ ಹತ್ತಕ್ಕೆ ಅಮ್ಮ ಪೈ ಆರಿಸಿದ್ದಳು.

ಅಮ್ಮನ ಸುತ್ತು ಹೀಗೆ. ಮೊದಲು ಗ್ಯಾಸಿನ ರೆಗ್ಯುಲೇಟರ್. ಆಮೇಲೆ ಹಿತ್ತಲ ಬಾಗಿಲ ಚಿಲಕ, ಹಾಕಿದ್ದನ್ನೇ ಇನ್ನೊಮ್ಮೆ ಎಳೆದು ನೋಡೋದು. ಆಮೇಲೆ ಸ್ವಿಚ್‌ಗಳು. ಟಪ್, ಟಪ್, ಟಪ್. ಮಿಕ್ಸಿಯ ಪ್ಲಗ್ಗನ್ನಂತೂ ಕಿತ್ತೇ ಇಡುತ್ತಾಳೆ. ಎಲ್ಲಾದರೂ ಒಂದು ಕೆಂಪು ದೀಪ ಮಿಣುಕುತ್ತಿದ್ದರೆ ಅವಳಿಗೆ ನಿದ್ದೆ ಹತ್ತೋಲ್ಲ. ಎದ್ದು ಬಂದು ಅದನ್ನೂ ಟಪ್. ಹಾಲಿಗೆ ಸ್ಮಾರ್ಟ್ ಬಲ್ಬ್ ಹಾಕಿ, "ಇನ್ಮೇಲೆ ಫೋನಲ್ಲೇ ಆರಿಸಬಹುದಮ್ಮ" ಅಂದೆ. "ಕತ್ತಲಲ್ಲಿ ಫೋನ್ ಹುಡುಕೋಕೆ ಲೈಟ್ ಬೇಕಲ್ಲಪ್ಪ" ಅಂದಳು. ಗೋಡೆ ಸ್ವಿಚ್ ಆರಿಸಿದ ಮೇಲೆ ಸ್ಮಾರ್ಟ್ ಬಲ್ಬೂ ಒಂದೇ, ಸುಟ್ಟ ಬಲ್ಬೂ ಒಂದೇ.

ಪೈ ಇಡೀ ತಿಂಗಳು ಓಡಿದರೂ ಮೂರು ಯೂನಿಟ್ ಆಸುಪಾಸು ಅಂತ ಲೆಕ್ಕ ಬರೆದು ತೋರಿಸಿದೆ. ಗೃಹಜ್ಯೋತಿ ಬಂದ ಮೇಲೆ ನಮಗೆ ಬಿಲ್ಲೂ ಸೊನ್ನೆ. "ಸರಾಸರಿ ಮೇಲೆ ಹತ್ತು ಪರ್ಸೆಂಟ್ ದಾಟಿದ್ರೆ ಯಾರು ಕಟ್ತಾರೆ?" ಅಂದಳು. ನನ್ನ ಹುಟ್ಟಿದ ದಿನಾಂಕ ತಪ್ಪು ಹೇಳುವವಳಿಗೆ ಈ ನಿಯಮ ಮಾತ್ರ ಬಾಯಿಪಾಠ!

ಯೂನಿಟ್ಟು ಹಾಳಾಗಲಿ, ಪೈಗೆ ಹೀಗೆ ದಿಢೀರನೆ ಕರೆಂಟ್ ತೆಗೆಯಬಾರದು. ಮೆಮೊರಿ ಕಾರ್ಡಿಗೆ ಏನಾದರೂ ಬರೆಯುತ್ತಿದ್ದರೆ ಕಾರ್ಡೇ ಕೆಟ್ಟು ಕೂರುತ್ತೆ. ಈ ವರ್ಷ ಎರಡು ಹೋದವು. ಮೂರನೆಯದಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದವನು ಕಾರ್ಡಿನ ಜೊತೆ ಎರಡು ರಿಲೇ, ಒಂದು ಸೋಲ್ಡರಿಂಗ್ ಸ್ಟ್ಯಾಂಡು, ಯಾತಕ್ಕೆ ಅಂತ ಇನ್ನೂ ಗೊತ್ತಾಗದ ಹತ್ತು ಎಲ್‌ಇಡಿ ತಂದೆ. (ಅದು ಅಮ್ಮನ ತಪ್ಪಲ್ಲ, ಒಪ್ಪಿಕೊಳ್ಳುತ್ತೇನೆ.) ಮನೆಗೆ ಬಂದು ಸ್ವಿಚ್ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದೆ. ಮಾರನೇ ದಿನ ಆ ಟೇಪು ಹುರಿಗಡಲೆ ಪ್ಯಾಕೆಟ್ಟಿನ ಬಾಯಲ್ಲಿತ್ತು.

ಟೆಸ್ಟರಿನ ಕತೆಯೂ ಅಷ್ಟೇ. ಡ್ರಾಯರ್ ತುಂಬ ಸ್ಕ್ರೂಡ್ರೈವರ್ ಇದ್ದರೂ ತುಪ್ಪದ ಡಬ್ಬಿ ಮುಚ್ಚಳ ಎಬ್ಬೋಕೆ ಅವಳಿಗೆ ಅದೇ ಬೇಕು. ತುದಿ ಸೊಟ್ಟಗಾಗಿದೆ, ಹಿಡಿಗೆಲ್ಲ ತುಪ್ಪದ ಜಿಡ್ಡು. ಅದು ಅಪ್ಪನ ಟೆಸ್ಟರು. ಫ್ಯೂಸ್ ಹೋದಾಗ ಅಪ್ಪ ಸ್ಟೂಲ್ ಹತ್ತಿದರೆ, ಅಮ್ಮ ಕೆಳಗೆ ಮೇಣದಬತ್ತಿ ಹಿಡಿದು ನಿಲ್ಲುತ್ತಿದ್ದಳು. ಹತ್ತು ಗಂಟೆಯ ಸುತ್ತು ಆಗ ಅಪ್ಪನದು. ಅಪ್ಪ ಹೋದ ಮೇಲೆ ಅಮ್ಮ ಹಿಡಿದಳು, ಒಂದು ರಾತ್ರಿಯೂ ತಪ್ಪಿಸಿಲ್ಲ. ಇದೆಲ್ಲ ನೆನಪಾಗೋದು ನಾನು ಕೂಗಾಡಿ ಮುಗಿದ ಮೇಲೇ.

ಇವತ್ತೂ ಕೂಗಾಡಿದೆ. "ಆಂಟಿ ಹೇಳಿದ್ರಲ್ಲ, ಇನ್ನೇನು? ಅವರಿಗೆ ಕರೆಂಟೂ ಬೇಕಿಲ್ಲ" ಅಂತ ಹೇಳಿ ಅಮ್ಮ ಕಾಫಿ ಕೊಟ್ಟಳು.

ಈಗ ಪೈಗೊಂದು ಬ್ಯಾಟರಿ ಕೂರಿಸುತ್ತಿದ್ದೇನೆ. ಸ್ವಿಚ್ ಆರಿಸಿದರೂ ಬೆಳಗಿನ ತನಕ ಓಡುತ್ತೆ. ತೊಂದರೆ ಒಂದೇ, ಅದರ ಮೇಲೆ ಪುಟ್ಟದೊಂದು ಕೆಂಪು ದೀಪ ಇದೆ.