ತೂತು ಇದೆಯಂತೆ!

ಮೂರು ದಿನ ಆಯ್ತು, ತಲೆಯಿಂದ ಹೋಗುತ್ತಲೇ ಇಲ್ಲ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ಕೂತರೂ ಅದೇ ಮಾತು. ತೂತು ಇದೆಯಂತೆ. ನನ್ನ ಸೀರೆಯಲ್ಲಿ!

ಸೀರೆ ನೋಡಲಿಕ್ಕೆ ಆಯಮ್ಮ ನಮ್ಮ ಮಳಿಗೆಗೆ ಬಂದಿದ್ದು ಮಧ್ಯಾಹ್ನ. ಜೊತೆಗಿದ್ದವಳು ಊಟಕ್ಕೆ ಹೋಗಿದ್ದಳು, ಇದ್ದಿದ್ದರೆ ಅವಳು ಸರಿಯಾಗಿ ಉತ್ತರ ಕೊಡುತ್ತಿದ್ದಳು. "ಕೈಮಗ್ಗದ್ದೇ ಅಂತ ಏನಮ್ಮಾ ಗ್ಯಾರಂಟಿ?" ಅಂದರು. ಕೇಳಲಿ, ತಪ್ಪಿಲ್ಲ. ಪವರ್‌ಲೂಮ್ ಸೀರೆಗೆ ಇಳಕಲ್ ಅಂತ ಚೀಟಿ ಹಚ್ಚಿ ಮಾರುವವರು ಅಷ್ಟು ಜನ ಇದ್ದಾರೆ. ನಾನು ಖುಷಿಯಿಂದಲೇ ಬಿಚ್ಚಿ ತೋರಿಸಿದೆ. ಸೆರಗು ಶುರುವಾಗುವ ಕಡೆ ಕೈಯಾಡಿಸಿ ಅಕ್ಕಾ, ಒಡಲಿನ ಹತ್ತಿ ಹಾಸಿಗೂ, ಅಂದರೆ ಉದ್ದ ಎಳೆಗಳಿಗೂ, ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿದ್ದೇವೆ ಅಂದೆ. ಆಮೇಲೆ ಅಂಚು ತೋರಿಸಿದೆ. ನೇಯುವಾಗ ಅಗಲ ಕುಗ್ಗದಂತೆ ಎರಡೂ ಕಡೆ ಮುಳ್ಳು ಸಿಕ್ಕಿಸಿ ಬಿಗಿ ಹಿಡಿದಿರುತ್ತೇವಲ್ಲ, ಅದರ ಸಣ್ಣ ಸಣ್ಣ ಗುರುತು ಅಂಚಿನುದ್ದಕ್ಕೂ ಇರುತ್ತೆ. ಇದೂ ಒಂದು ಸಾಕ್ಷಿ ಅಂದೆ.

ಎಡವಿದ್ದು ಅಲ್ಲೇ. "ಅಯ್ಯೋ, ತೂತು!" ಅಂತ ಕೂಗಿಯೇ ಬಿಟ್ಟರು. ಪಕ್ಕದ ಮಳಿಗೆಯವರೆಲ್ಲ ತಿರುಗಿದರು. ಗಂಡನನ್ನು ಕರೆದರು. ಆ ಮನುಷ್ಯ ಕನ್ನಡಕ ಮೇಲೆತ್ತಿ ನೋಡಿ, "ಡ್ಯಾಮೇಜ್ ಪೀಸು, ಅರ್ಧಕ್ಕೆ ಕೊಡ್ತಾಳೆ ಬಿಡು" ಅಂದರು. ಕೊಡ್ತಾಳೆ! ನಾನು ಎದುರಿಗೇ ನಿಂತಿದ್ದೆ. ಆಮೇಲೆ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತರು. ಕೇಳಲೂ ಇಲ್ಲ. ಲೈಟರ್ ಹಚ್ಚಿದರು. ಕೂದಲು ಸುಟ್ಟ ವಾಸನೆ ಬಂತು. ರೇಷ್ಮೆ ಅಂದರೆ ಅದೇ ವಾಸನೆ. ಅವರಿಗೂ ಗೊತ್ತಿರಬೇಕು, ಗೊತ್ತಿಲ್ಲದೆ ಸುಡುತ್ತಾರಾ? ಆದರೂ "ಮಿಕ್ಸ್ ಇರುತ್ತೆ" ಅಂತ ಸೀರೆಯನ್ನು ಮುದ್ದೆ ಮಾಡಿ ಬಿಸಾಕಿ ಹೊರಟರು. ನನ್ನ ಬಾಯಿಂದ ಬಂದಿದ್ದು ಏನು ಗೊತ್ತಾ? "ಥ್ಯಾಂಕ್ಯೂ ಸರ್."

ಥೂ, ನನ್ನ ಬಾಯಿಗೆ!

ಆರು ದಿನದ ಕೆಲಸ ಅದು. 3,400 ಹೇಳಿದ್ದೆ. ನೂಲು, ರೇಷ್ಮೆ, ಬಣ್ಣ ಎಲ್ಲ ಕಳೆದು ಉಳಿಯುವುದನ್ನು ಕೇಳಬೇಡಿ, ಹೊಲದ ಕೂಲಿಯೇ ವಾಸಿ. ನೆಲದ ಗುಂಡಿಯಲ್ಲಿ ಕಾಲಿಟ್ಟು ಕೂತು ನೇಯುವ ಅತ್ತೆಯ ಗುಂಡಿ ಮಗ್ಗದ ಮೇಲೆ ಹಲಗೆ ಮುಚ್ಚಿ ಕಟ್ಟಿಗೆ ಒಟ್ಟಿದ್ದೆವು. ಸುಮ್ನೆ ಹಾಗೇ ಬಿಡಬೇಕಿತ್ತು. ನಮ್ಮ ಅವ್ವಂದಿರು ಜೀವನವೆಲ್ಲ ಕಂಡಿಕೆ ಸುತ್ತಿದರು, ಕೊಂಡಿ ಹಾಕಿದರು, ನೇಕಾರ ಅನ್ನುವ ಹೆಸರು ಮಾತ್ರ ಗಂಡಸರಿಗೆ. ನಾವು ಏಳು ಜನ ಹೆಂಗಸರು ಮಗ್ಗಕ್ಕೇ ಇಳಿದೆವು ನೋಡಿ, ಅದರ ಸೊಕ್ಕು ಇಳಿಯಿತು.

1985ರಲ್ಲೇ ಕಾಯ್ದೆ ಮಾಡಿ ಕೆಲವು ಬಗೆಯ ಸೀರೆ ಕೈಮಗ್ಗಕ್ಕೇ ಮೀಸಲು ಅಂದರಲ್ಲ, ಅದನ್ನು ನೋಡಿಕೊಳ್ಳುತ್ತಿರುವವರು ಯಾರು? ಯಾರಾದರೂ ಉತ್ತರ ಹೇಳಿ. ಮೀಸಲು ನಮಗೆ, ಮಾರ್ಕೆಟ್ ಅವರಿಗಾ? ಪವರ್‌ಲೂಮಿನವರದ್ದೂ ಹೊಟ್ಟೆಪಾಡೇ, ನನ್ನ ತಮ್ಮನೇ ಅಲ್ಲಿ ಕೆಲಸಕ್ಕಿದ್ದಾನೆ. ನೇಯಲಿ. ಪವರ್‌ಲೂಮ್ ಅಂತಲೇ ಹೇಳಿ ಮಾರಲಿ. ಆಗಸ್ಟ್ 7 ಬಂತೆಂದರೆ ಕೈಮಗ್ಗ ದಿನ ಅಂತ ನಮ್ಮನ್ನು ಕೂರಿಸಿ ಫೋಟೋ ತೆಗೆಯುತ್ತೀರಿ. ಆ ತೂತು ಯಾಕಿರುತ್ತೆ ಅಂತ ಒಂದು ಬೋರ್ಡ್ ಬರೆಸಿ ಹಾಕಲಿಕ್ಕೆ ಆಗಲ್ವಾ?

ಇನ್ನೊಂದು ಹೇಳುತ್ತೇನೆ, ನಗಬೇಡಿ. ಆವತ್ತು ನಾನು ಉಟ್ಟಿದ್ದು ಸಂತೆಯಲ್ಲಿ ತಂದ 450 ರೂಪಾಯಿ ಸೀರೆ. ಪವರ್‌ಲೂಮಿನದ್ದೇ. ನಾನು ನೇಯ್ದದ್ದನ್ನು ನಾನೇ ಉಟ್ಟರೆ ಮನೆಗೆ ಅಕ್ಕಿ ಜೋಳ ಯಾರು ತರುತ್ತಾರೆ? ಆಯಮ್ಮ ಅದನ್ನು ನೋಡಿಯೇ ಅನುಮಾನ ಪಟ್ಟರೋ ಏನೋ. ಹಾಗಾದರೆ ತಪ್ಪು ನನ್ನದೇನಾ? ಇರಬಹುದು. ಅಲ್ಲ, ಎಳೆ ಕೀಳುವ ಮುಂಚೆ ಒಂದು ಮಾತು ಕೇಳಬೇಕಿತ್ತು!

ಇನ್ನು ಮಗ್ಗದ ಸಹವಾಸ ಬೇಡ ಅಂತ ನಿನ್ನೆ ರಾತ್ರಿ ನಮ್ಮ ಮನೆಯವರಿಗೆ ಹೇಳಿದೆ. ಹ್ಞೂಂ ಅಂದು ಮಗ್ಗುಲಾದರು. ಬೆಳಿಗ್ಗೆ ನೋಡಿದರೆ ಹಾಸು ಅರ್ಧಕ್ಕೇ ನಿಂತಿದೆ, ಅಡ್ವಾನ್ಸ್ ಬೇರೆ ತಗೊಂಡಿದ್ದೇನೆ. ಮತ್ತೆ ಗುಂಡಿಗೆ ಇಳಿದೆ, ಏನು ಮಾಡಲಿ.

ಎಳೆ ಕಿತ್ತ ಸೀರೆ ಹಾಗೇ ಇದೆ. ಕೆಂಪು ಟೋಪ್ ತೆನಿ ಸೆರಗು, ಇಳಕಲ್ ಸೀರೆಯ ಹಳೇ ವಿನ್ಯಾಸ. ಬೇಕಾದವರು ಹೇಳಿ. ಅರ್ಧಕ್ಕೆ ಕೊಡಲ್ಲ.